ರೋಹಿಣಿ ಯಾವುದೆಂದು ಯಂತ್ರವೇ ಕೇಳುತ್ತದೆ

ಕಂಪ್ಯೂಟರ್ ಚಾಲಿತ ಟೆಲಿಸ್ಕೋಪಿನ ಜಾಹೀರಾತು ನೋಡಿದರೆ ಎಂಥವರಿಗೂ ಆಸೆಯಾಗುತ್ತದೆ. ಕೈಯಲ್ಲಿ ರಿಮೋಟ್‌ನಂಥ ಸಾಧನ, ಅದರ ಪಟ್ಟಿಯಲ್ಲಿ ಸಾವಿರಾರು ನಕ್ಷತ್ರ, ನೀಹಾರಿಕೆ, ಗ್ಯಾಲಕ್ಸಿಗಳು. ಪಟ್ಟಿಯಲ್ಲಿ ಶನಿಯನ್ನು ಆರಿಸಿ ಬಟನ್ ಒತ್ತಿದರೆ ಮೋಟಾರು ಕೊಳವೆಯನ್ನು ತಾನೇ ಶನಿಯತ್ತ ತಿರುಗಿಸುತ್ತದೆ. ಹವ್ಯಾಸಿಗಳು ಇದನ್ನು ‘ಗೋ ಟು’ ಟೆಲಿಸ್ಕೋಪ್ ಎನ್ನುತ್ತಾರೆ. ಹಳಬರಲ್ಲಿ ಕೆಲವರಿಗೆ ಇದನ್ನು ಕಂಡರಾಗದು. ಮೊದಲು ಆಕಾಶ ಕಲಿಯಿರಿ, ಯಂತ್ರ ಆಮೇಲೆ ಎನ್ನುತ್ತಾರೆ. ಮಾರುವವರು ಏನೂ ಗೊತ್ತಿರಬೇಕಿಲ್ಲ, ಬಟನ್ ಒತ್ತಿದರೆ ಸಾಕು ಎನ್ನುತ್ತಾರೆ. ಇಬ್ಬರ ಮಾತೂ ಅರ್ಧ ಸತ್ಯ.

ಹಳಬರ ಕ್ರಮ ಹೀಗೆ: ಗೊತ್ತಿರುವ ಒಂದು ನಕ್ಷತ್ರದಿಂದ ಹೊರಟು, ಪಕ್ಕದ ಸಣ್ಣ ನಕ್ಷತ್ರಗಳನ್ನು ಮೆಟ್ಟಿಲಾಗಿಸಿಕೊಂಡು, ಬೇಕಾದ ಕಾಯವನ್ನು ತಲುಪುವುದು. ಹಳ್ಳಿಯ ಕತ್ತಲಲ್ಲಿ ಇದು ಸೊಗಸಾದ ಆಟ. ಆದರೆ ಬೆಂಗಳೂರಿನಂಥ ಊರಿನಲ್ಲಿ ಪಿಜಿಯ ತಾರಸಿ ಮೇಲೆ ನಿಂತವರಿಗೆ ಆ ಮೆಟ್ಟಿಲುಗಳೇ ಕಾಣುವುದಿಲ್ಲ. ಬೀದಿದೀಪಗಳ ಬೆಳಕು ಅವನ್ನು ನುಂಗಿರುತ್ತದೆ. ಇನ್ನೊಂದು ವಿಷಯ, ಭೂಮಿ ತಿರುಗುತ್ತಲೇ ಇರುವುದರಿಂದ ಹೆಚ್ಚು ವರ್ಧನೆಯಲ್ಲಿ ನೋಡುವಾಗ ಗ್ರಹ ಬೇಗನೆ ನೋಟದಿಂದ ಜಾರಿಹೋಗುತ್ತದೆ. ಮೋಟಾರು ಅದನ್ನು ಹಿಂಬಾಲಿಸಿದರೆ ನಾಲ್ಕು ಮಂದಿ ಸರದಿಯಲ್ಲಿ ನಿಂತು ನೋಡಬಹುದು. ಹಾಗಾಗಿ ನಗರದ ಹುಡುಗ ಹುಡುಗಿಯರು ಇಂಥ ಯಂತ್ರ ಬಳಸುವುದು ಸೋಮಾರಿತನವೇನಲ್ಲ.

ಆದರೆ ಈ ಯಂತ್ರ ಪೆಟ್ಟಿಗೆಯಿಂದ ಹೊರಬಂದ ಕೂಡಲೇ ಶನಿಯನ್ನು ತೋರಿಸುವುದಿಲ್ಲ, ಮೊದಲು ನಮ್ಮನ್ನೇ ಪ್ರಶ್ನೆ ಕೇಳುತ್ತದೆ. ಊರು, ಸಮಯ, ದಿನಾಂಕ ಕೊಡಬೇಕು. ಅಮೆರಿಕದ ಬ್ರ್ಯಾಂಡ್‌ಗಳಲ್ಲಿ ಮೊದಲು ತಿಂಗಳು, ಆಮೇಲೆ ದಿನ. ನಮ್ಮ ರೂಢಿಯಂತೆ ತಿರುಗಿಸಿ ಬರೆದರೆ ಲೆಕ್ಕವೆಲ್ಲ ತಪ್ಪುತ್ತದೆ. ಬಳಿಕ ಸಾಮಾನ್ಯವಾಗಿ ಎರಡು ಹೊಳೆಯುವ ನಕ್ಷತ್ರಗಳನ್ನು ನಾವೇ ಗುರುತಿಸಿ ತೋರಿಸಬೇಕು. ಆಲ್ಡೆಬರನ್, ಬೀಟಲ್‌ಜ್ಯೂಸ್, ಸ್ಪೈಕಾ, ಆರ್ಕ್‌ಟೂರಸ್ ಎಂದು ಪರದೆಯ ಮೇಲೆ ಹೆಸರುಗಳು ಬರುತ್ತವೆ. ಒಂದರ ಬದಲು ಇನ್ನೊಂದನ್ನು ತೋರಿಸಿದರೆ ಅದು ರಾತ್ರಿಯಿಡೀ ಖಾಲಿ ಆಕಾಶವನ್ನೇ ತೋರಿಸುತ್ತಿರುತ್ತದೆ. ಕ್ಯಾಮೆರಾ ಮೂಲಕ ತಾವೇ ನಕ್ಷತ್ರ ಗುರುತಿಸುವ ಮಾದರಿಗಳೂ ಇವೆ, ಆದರೆ ಆ ಅನುಕೂಲಕ್ಕೆ ಹೆಚ್ಚು ಬೆಲೆ ತೆರಬೇಕು.

ಈ ಹೆಸರುಗಳು ನಮಗೆ ಹೊಸವೇ? ಆಲ್ಡೆಬರನ್ ನಮ್ಮ ರೋಹಿಣಿ. ಬೀಟಲ್‌ಜ್ಯೂಸ್ ಆರ್ದ್ರಾ, ಸ್ಪೈಕಾ ಚಿತ್ತಾ, ಆರ್ಕ್‌ಟೂರಸ್ ಸ್ವಾತಿ. ನಮ್ಮ ರೈತರು ಮಳೆಯನ್ನು ಲೆಕ್ಕ ಹಾಕುವುದು ಇದೇ ಹೆಸರುಗಳಿಂದ. ಪಂಚಾಂಗದಲ್ಲಿ, ಜಾತಕದಲ್ಲಿ, ಗೆಳತಿಯರ ಹೆಸರಿನಲ್ಲಿ ಇವು ನಮಗೆ ಗೊತ್ತು. ಆದರೆ ಆಕಾಶದಲ್ಲಿ ಬೆರಳಿಟ್ಟು ತೋರಿಸಿ ಎಂದರೆ ನಮ್ಮಲ್ಲಿ ಬಹುಪಾಲು ಮಂದಿ ತಡವರಿಸುತ್ತೇವೆ. ರೋಹಿಣಿ ಮಳೆಯ ಹೊತ್ತಿಗೆ ರೋಹಿಣಿ ಕಾಣುವುದಿಲ್ಲ ಎಂಬುದೂ ಹಲವರಿಗೆ ತಿಳಿದಿರಲಿಕ್ಕಿಲ್ಲ. ಸೂರ್ಯ ಯಾವ ನಕ್ಷತ್ರದಲ್ಲಿರುತ್ತಾನೋ ಮಳೆಗೆ ಆ ಹೆಸರು. ಹಾಗಾಗಿ ಆಗ ಆ ನಕ್ಷತ್ರ ಸೂರ್ಯನ ಬೆಳಕಿನಲ್ಲಿ ಮರೆಯಾಗಿರುತ್ತದೆ. ರೋಹಿಣಿಯನ್ನು ನೋಡಲು ಡಿಸೆಂಬರ್, ಜನವರಿಯ ರಾತ್ರಿಗಳೇ ಚೆನ್ನ.

ಇದನ್ನು ಕಲಿಯಲು ಕಾಸು ಖರ್ಚಿಲ್ಲ. ಚಳಿಗಾಲದ ರಾತ್ರಿ ಸಾಲಾಗಿ ನಿಂತ ಮೂರು ನಕ್ಷತ್ರಗಳು, ಅಂದರೆ ಒರಾಯನ್‌ನ ನಡುಪಟ್ಟಿ, ನಗರದಲ್ಲೂ ಕಾಣುತ್ತವೆ. ಆ ಗೆರೆಯನ್ನು ಒಂದು ಕಡೆಗೆ ಎಳೆದರೆ ಕೆಂಪು ಛಾಯೆಯ ರೋಹಿಣಿಯ ಹತ್ತಿರ ಹೋಗುತ್ತದೆ, ಇನ್ನೊಂದು ಕಡೆಗೆ ಎಳೆದರೆ ರಾತ್ರಿಯ ಅತಿ ಪ್ರಕಾಶಮಾನ ನಕ್ಷತ್ರ ಲುಬ್ಧಕದತ್ತ. ಏಪ್ರಿಲ್, ಮೇ ತಿಂಗಳಲ್ಲಿ ಸಪ್ತರ್ಷಿ ಮಂಡಲದ ಬಾಲದ ಬಾಗನ್ನೇ ಮುಂದುವರಿಸಿದರೆ ಸ್ವಾತಿ, ಅದರಾಚೆ ಚಿತ್ತಾ. ಮೊಬೈಲಿನಲ್ಲಿ ಸ್ಟೆಲೇರಿಯಂ ಹಾಕಿಕೊಂಡರೆ ಅನುಮಾನ ಅಲ್ಲೇ ಪರಿಹಾರ. ಇಷ್ಟು ಗೊತ್ತಿದ್ದರೆ ಯಂತ್ರದ ಪ್ರಶ್ನೆಗೆ ಉತ್ತರ ಸಿದ್ಧ.

ಈ ಮಾತಿಗೆ ಒತ್ತು ಕೊಡಲು ಕಾರಣ ದುಡ್ಡು. ನಮ್ಮಲ್ಲಿ ಹಲವರು ಇನ್ನೂ ಕೆಲಸ ಹುಡುಕುತ್ತಿರುವವರು, ಮನೆಯವರು ಕಳಿಸುವ ಹಣದಲ್ಲಿ ತಿಂಗಳು ದೂಡುವವರು. ಕಂತಿನಲ್ಲಿ ಟೆಲಿಸ್ಕೋಪ್ ಕೊಂಡು, ನಾಲ್ಕು ರಾತ್ರಿ ಪರದಾಡಿ, ಮಂಚದ ಕೆಳಗೆ ತಳ್ಳಿದರೂ ಕಂತು ನಿಲ್ಲುವುದಿಲ್ಲ. ಗೋ ಟು ಟೆಲಿಸ್ಕೋಪಿನ ಬೆಲೆಯಲ್ಲಿ ಒಂದು ಪಾಲು ಮೋಟಾರಿಗೇ ಹೋಗುತ್ತದೆ. ಅದೇ ದುಡ್ಡಿಗೆ ಮೋಟಾರಿಲ್ಲದ ಡಾಬ್ಸೋನಿಯನ್ ಕೊಂಡರೆ ಇನ್ನೂ ದೊಡ್ಡ ಕನ್ನಡಿ ಸಿಗುತ್ತದೆ. ಇನ್ನು ಪೆಟ್ಟಿಗೆ ಮೇಲೆ ‘500 ಪಟ್ಟು’ ಎಂದು ಬರೆದ ಅಗ್ಗದ ಕೊಳವೆಗಳನ್ನಂತೂ ನಂಬಬೇಡಿ. ಮಸೂರ ಅಥವಾ ಕನ್ನಡಿಯ ಅಗಲದ ಪ್ರತಿ ಮಿಲಿಮೀಟರಿಗೆ ಹೆಚ್ಚೆಂದರೆ 2 ಪಟ್ಟು ವರ್ಧನೆ ಉಪಯುಕ್ತ. 60 ಮಿ.ಮೀ. ಕೊಳವೆಗೆ 120 ಪಟ್ಟೇ ಮಿತಿ.

ಪಟಗಳಲ್ಲಿ ಕಾಣುವ ಬಣ್ಣವನ್ನೂ ನಿರೀಕ್ಷಿಸಬೇಡಿ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲವಾದ್ದರಿಂದ ನೀಹಾರಿಕೆ ಬೂದಿ ಬಣ್ಣದ ಮಬ್ಬಿನಂತೆ ಕಾಣುತ್ತದೆ. ಆದರೆ ಚಂದ್ರನ ಕುಳಿಗಳು, ಶನಿಯ ಉಂಗುರ, ಗೆಲಿಲಿಯೊ 1610ರಲ್ಲಿ ಕಂಡ ಗುರುವಿನ 4 ಉಪಗ್ರಹಗಳು ನಗರದಲ್ಲೂ ನಿರಾಸೆ ಮಾಡುವುದಿಲ್ಲ. ಸರಿಯಾದ ಫಿಲ್ಟರ್ ಇಲ್ಲದೆ ಸೂರ್ಯನತ್ತ ಮಾತ್ರ ತಿರುಗಿಸಲೇಬೇಡಿ, ಕಣ್ಣೇ ಹೋದೀತು.

ಹಾಗಾದರೆ ಮೊದಲು ಏನು ಮಾಡಬೇಕು? ಒಂದೆರಡು ತಿಂಗಳು ಬರಿಗಣ್ಣಿನಲ್ಲಿ ನೋಡಿ, ಸಾಧ್ಯವಾದರೆ ಒಂದು ಬೈನಾಕ್ಯುಲರ್ ಇರಲಿ. ತಾರಾಲಯ ಅಥವಾ ಹವ್ಯಾಸಿ ಖಗೋಳ ಸಂಘಗಳು ಏರ್ಪಡಿಸುವ ವೀಕ್ಷಣೆಗೆ ಹೋಗಿ ಬೇರೆಯವರ ಟೆಲಿಸ್ಕೋಪಿನಲ್ಲಿ ಇಣುಕಿ. ಆಮೇಲೂ ಆಸೆ ಉಳಿದರೆ ನಾಲ್ಕೈದು ಗೆಳೆಯರು ಸೇರಿ ಒಂದನ್ನು ಕೊಳ್ಳಿ. ಅದನ್ನೂ ಮಳೆಗಾಲದಲ್ಲಲ್ಲ, ನವೆಂಬರ್ ಹೊತ್ತಿಗೆ.

ಒಂದೇ ಟೆಲಿಸ್ಕೋಪನ್ನು ಹಲವರು ಹಂಚಿಕೊಳ್ಳುವುದರಲ್ಲಿ ಕೊರತೆಯೇನಿಲ್ಲ. ಡಾಬ್ಸೋನಿಯನ್‌ಗೆ ಹೆಸರು ಬಂದದ್ದು ಜಾನ್ ಡಾಬ್ಸನ್ ಅವರಿಂದ. ಸ್ಯಾನ್ ಫ್ರಾನ್ಸಿಸ್ಕೊದ ವೇದಾಂತ ಸೊಸೈಟಿಯ ಆಶ್ರಮದಲ್ಲಿ ಸನ್ಯಾಸಿಯಾಗಿದ್ದ ಅವರು ಬೇಡದ ವಸ್ತುಗಳಿಂದ ಟೆಲಿಸ್ಕೋಪ್ ಕಟ್ಟಿ, ಬೀದಿಗೆ ತಂದು, ದಾರಿಹೋಕರಿಗೆ ಚಂದ್ರನನ್ನು ತೋರಿಸುತ್ತಿದ್ದರು. 1967ರಲ್ಲಿ ಆಶ್ರಮ ಬಿಡಬೇಕಾಗಿ ಬಂತು, ತೋರಿಸುವುದನ್ನು ಬಿಡಲಿಲ್ಲ. ಈ ಹವ್ಯಾಸದಿಂದ ನಮಗೆ ಕೆಲಸ ಸಿಗುತ್ತದೆಂದು ನಾನು ಹೇಳಲಾರೆ. ಆದರೆ ಫಲಿತಾಂಶ, ಕಟ್‌ಆಫ್, ಸಂದರ್ಶನಗಳ ನಡುವೆ ವಾರಕ್ಕೊಂದು ರಾತ್ರಿ ನಾಲ್ಕು ಜನ ಸೇರಿ ತಲೆ ಎತ್ತಿ ನಿಲ್ಲಲು ಇಷ್ಟು ನೆಪ ಸಾಕು. ಇವತ್ತು ಮೋಡವಿಲ್ಲದಿದ್ದರೆ ತಾರಸಿಗೆ ಹೋಗಿ, ಒಂದಾದರೂ ನಕ್ಷತ್ರದ ಹೆಸರು ತಿಳಿದುಕೊಂಡು ಇಳಿಯಿರಿ.