ಮನೆಯ ಮೂಲೆಯಲ್ಲೊಂದು ಪ್ರಯೋಗಶಾಲೆ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವೊಂದುಂಟು. 1892ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ಧರ್ಮದ ಮಾತಿಗಿಂತ ಮೊದಲು ಆ ಶಾಸನವು ಹೇಳುವುದು ತಾನು ಬಂದ ದಾರಿಯನ್ನು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ಚಕ್ರವರ್ತಿಯ ಆಜ್ಞೆಯನ್ನು ಅವರಿಗೆ ತಲುಪಿಸಿದ್ದಾರೆ. ಕಳುಹಿಸಿದವರು ಯಾರು, ಮುಟ್ಟಬೇಕಾದವರು ಯಾರು, ನಡುವಿನ ಘಟ್ಟ ಯಾವುದು ಎಂಬುದು ತಿಳಿಯದೆ ಯಾವ ಸಂದೇಶವೂ ಊರು ಮುಟ್ಟದು. ಇಂದಿನ ಗಣಕಯಂತ್ರಗಳ ಜಾಲವೂ ಇದೇ ನಿಯಮದ ಮೇಲೆ ನಿಂತಿದೆ. ಪ್ರತಿಯೊಂದು ಪ್ಯಾಕೆಟ್ಟಿನ ತಲೆಯ ಮೇಲೆ ಎರಡು ವಿಳಾಸಗಳಿರುತ್ತವೆ. ಅದಕ್ಕೆ ಮುಂದಿನ ಘಟ್ಟವನ್ನು ತೋರಿಸಿಕೊಡುವ ಯಂತ್ರಕ್ಕೆ ರೌಟರ್ ಎಂದು ಹೆಸರು.

ಅದೇ ತಾಲ್ಲೂಕಿನ ಕೊಂಡ್ಲಹಳ್ಳಿಯಲ್ಲಿ ಒಂದು ಮನೆಯನ್ನು ಓದುಗರು ಊಹಿಸಿಕೊಳ್ಳಬಹುದು. ಮಳೆಯನ್ನೇ ನಂಬಿದ ಶೇಂಗಾ ಹೊಲ. ಒಂದು ವರ್ಷ ಫಸಲು, ಎರಡು ವರ್ಷ ಸಾಲ. ಮಗಳು ಪದವಿ ಮುಗಿಸಿದ್ದಾಳೆ. ಜಾಲ ನಿರ್ವಹಣೆಯ ಉದ್ಯೋಗಕ್ಕೆ ಮೊದಲ ಮೆಟ್ಟಿಲೆನಿಸಿದ ಸಿಸ್ಕೊ ಕಂಪೆನಿಯ ಸಿ.ಸಿ.ಎನ್.ಎ. ಪರೀಕ್ಷೆಗೆ ಕೂರಬೇಕೆಂಬುದು ಅವಳ ಆಸೆ. ಬೆಂಗಳೂರಿನಲ್ಲಿ ತರಬೇತಿ, ವಸತಿ, ಊಟ ಎಂದು ಲೆಕ್ಕ ಹಾಕಿದರೆ ಫಸಲಿನ ಹಣವೆಲ್ಲ ಒಂದೇ ಬಾರಿಗೆ ಕರಗಿಹೋಗುತ್ತದೆ. “ಎಷ್ಟಾಗುತ್ತವ್ವಾ ಇದಕ್ಕೆಲ್ಲ?” ಎಂದು ತಂದೆ ಕೇಳಿದರೆ ಅದು ಜಿಪುಣತನದ ಪ್ರಶ್ನೆಯಲ್ಲ, ಮುಂದಿನ ಬಿತ್ತನೆಗೆ ಏನುಳಿಯುತ್ತದೆ ಎಂಬ ಪ್ರಶ್ನೆ. ಅದಕ್ಕೆ ಮರ್ಯಾದೆಯ ಉತ್ತರವನ್ನು ಕೊಡಬಲ್ಲದ್ದು ಮನೆಯಲ್ಲೇ ಕಟ್ಟಿಕೊಳ್ಳುವ ಪ್ರಯೋಗಶಾಲೆ.

ಇಲ್ಲಿ ಹಣಕ್ಕಿಂತ ಹಣ ಹಾಕುವ ಕ್ರಮ ಮುಖ್ಯವಾದುದು. ಅನೇಕ ತರುಣರು ಮೊದಲು ಯಂತ್ರಗಳನ್ನು ಕೊಳ್ಳುತ್ತಾರೆ. ಪರೀಕ್ಷೆಯ ಶುಲ್ಕಕ್ಕೆ ಕೊನೆಯಲ್ಲಿ ಪರದಾಡುತ್ತಾರೆ. ಇದು ತಲೆಕೆಳಗಾದ ಕ್ರಮ. ಮೊದಲು ತೆಗೆದಿಡಬೇಕಾದದ್ದು ಶುಲ್ಕದ ಹಣವನ್ನು. 2025ರಲ್ಲಿ ಅದು 300 ಡಾಲರ್, ತೆರಿಗೆ ಬೇರೆ. ಅಂದರೆ ನಮ್ಮ ಲೆಕ್ಕದಲ್ಲಿ 25 ಸಾವಿರ ರೂಪಾಯಿಗೂ ಮೇಲೆ. ಇಂಥ ಸಂಸ್ಥೆಯಲ್ಲಿಯೇ ಓದಿರಬೇಕೆಂಬ ನಿಬಂಧನೆ ಈ ಪರೀಕ್ಷೆಗೆ ಇಲ್ಲ. ಮನೆಯಲ್ಲಿ ಓದಿದವರೂ ಕೂರಬಹುದು. ಪ್ರಮಾಣಪತ್ರಕ್ಕೆ ಮೂರೇ ವರ್ಷ ಆಯುಷ್ಯವಾದ್ದರಿಂದ, ಕೆಲಸ ಹುಡುಕಲು ಸಿದ್ಧವಾಗುವ ಹೊತ್ತಿಗೆ ಪರೀಕ್ಷೆ ಬರೆಯುವುದು ಒಳಿತು.

ಎರಡನೆಯದು ಗಣಕಯಂತ್ರ. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯು 1997ರಲ್ಲಿ ಆರಂಭವಾದ ಶಿಕ್ಷಣ ಯೋಜನೆ. ಅದರಲ್ಲಿ ಹೆಸರು ನೋಂದಾಯಿಸಿದವರಿಗೆ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಅದಕ್ಕೆ ಸಾಧಾರಣ ಲ್ಯಾಪ್‌ಟಾಪ್ ಸಾಕು. ಒಮ್ಮೆ ಇಳಿಸಿಕೊಂಡರೆ, ಆಗಾಗ ಲಾಗಿನ್ ಆಗಲು ಮೊಬೈಲಿನ ಸಂಪರ್ಕವೇ ಸಾಲುತ್ತದೆ. ತೆರೆಯ ಮೇಲೆ ರೌಟರ್, ಸ್ವಿಚ್‌ಗಳನ್ನು ಇಟ್ಟು, ತಂತಿ ಎಳೆದು, ನಿಜವಾದ ಯಂತ್ರಕ್ಕೆ ಕೊಡುವ ಆದೇಶಗಳನ್ನೇ ಕೊಟ್ಟು ಅಭ್ಯಾಸ ಮಾಡಬಹುದು. ಮುಂದೆ ಮೆಮೊರಿ ಹೆಚ್ಚಿಸಿಕೊಳ್ಳಲು ಅನುಕೂಲವಾದರೆ ಜಿ.ಎನ್.ಎಸ್.3 ಎಂಬ ಉಚಿತ ತಂತ್ರಾಂಶವುಂಟು. ಅದರೊಳಗೆ ನಡೆಸಲು ಲಿನಕ್ಸ್‌ನ ಮುಕ್ತ ರೌಟಿಂಗ್ ತಂತ್ರಾಂಶಗಳೂ ಉಂಟು.

ಯಂತ್ರಗಳ ಸರದಿ ಮೂರನೆಯದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕಚೇರಿಗಳು ಕಳಚಿಹಾಕಿದ ಹಳೆಯ ಸ್ವಿಚ್‌ಗಳು ಸಿಕ್ಕುತ್ತವೆ. ಅಗ್ಗವೆಂದು ಅರ್ಧ ಡಜನ್ ತಂದು ಜೋಡಿಸಿದರೆ ಮನೆಗೆ ಸದ್ದು, ಶಾಖ, ವಿದ್ಯುತ್ತಿನ ಬಿಲ್ಲು ಮೂರೂ ಬರುತ್ತವೆ. ಒಂದು ಸ್ವಿಚ್, ಒಂದು ಕನ್ಸೋಲ್ ಕೇಬಲ್, ತಂತಿಯ ತುದಿಗೆ ಪ್ಲಗ್ ಕೂರಿಸುವ ಕ್ರಿಂಪಿಂಗ್ ಇಕ್ಕಳ, ಇಷ್ಟಿದ್ದರೆ ಆರಂಭಕ್ಕೆ ಧಾರಾಳ. ತೆರೆಯ ಮೇಲಿನ ತಂತಿ ಎಂದೂ ಸಡಿಲವಾಗದು. ಕೈಯಿಂದ ಕೂರಿಸಿದ ತಂತಿ ಸಡಿಲವಾಗುತ್ತದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಎಂಟು ಎಳೆಗಳ ಕ್ರಮ ಬೆರಳಿಗೆ ಬರಬೇಕು. ರೇಷ್ಮೆ ಸೀರೆಗೆ ಹೆಸರಾದ ತಾಲ್ಲೂಕಿನಲ್ಲಿ, ಒಂದು ಎಳೆ ತಪ್ಪಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಅಲ್ಲಿ ಮಾಡಬೇಕಾದದ್ದೇನು? ಕಟ್ಟುವುದು ಅರ್ಧ ವಿದ್ಯೆ. ಬೇಕೆಂದೇ ಕೆಡಿಸಿ, ಕೆಟ್ಟದ್ದನ್ನು ಹುಡುಕಿ ಸರಿಪಡಿಸುವುದು ಉಳಿದ ಅರ್ಧ. ಕಚೇರಿಯಲ್ಲಿ ಒಂದು ತಪ್ಪು ಆದೇಶ ಕೊಟ್ಟರೆ ನೂರು ಮಂದಿಯ ಕೆಲಸ ನಿಲ್ಲುತ್ತದೆ. ಮನೆಯಲ್ಲಿ ಅದೇ ತಪ್ಪು ಗುರುವಾಗುತ್ತದೆ.

ಮೊದಲ ಪಾಠ ವಿಳಾಸಗಳದ್ದು. ಮನೆ, ಕಚೇರಿಗಳ ಒಳಜಾಲಕ್ಕೆಂದು ಮೀಸಲಾದ 192.168.10.0 ಎಂಬ ಜಾಲವನ್ನು ತೆಗೆದುಕೊಂಡರೆ, ಕೊನೆಯ ಸ್ಥಾನದಲ್ಲಿ 0ಯಿಂದ 255ರವರೆಗೆ 256 ಅಂಕೆಗಳು. ಬ್ರಹ್ಮಗಿರಿಯ ಶಾಸನದ ಮೊದಲ ಭಾಗ ಮುಗಿಯುವಲ್ಲಿಯೂ 256 ಎಂಬ ಅಂಕೆಯೇ ಇದೆ. ಅದು ಪ್ರವಾಸದಲ್ಲಿ ಕಳೆದ ರಾತ್ರಿಗಳ ಎಣಿಕೆಯೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಎರಡಕ್ಕೂ ಸಂಬಂಧವಿಲ್ಲ, ಆದರೆ ನೆನಪಿಟ್ಟುಕೊಳ್ಳಲು ಅನುಕೂಲ. ಈ 256ನ್ನು ನಾಲ್ಕು ಪಾಲು ಮಾಡಿದರೆ ಪ್ರತಿ ಪಾಲಿಗೂ 64. ಮೊದಲನೆಯದೂ ಕೊನೆಯದೂ ಯಂತ್ರಗಳಿಗೆ ಸಲ್ಲದಾದ್ದರಿಂದ ಬಳಕೆಗೆ 62. ಆಗ ಒಂದು ಯಂತ್ರಕ್ಕೆ 10, ಇನ್ನೊಂದಕ್ಕೆ 70 ಎಂದು ಕೊಟ್ಟು ಒಂದೇ ಸ್ವಿಚ್ಚಿಗೆ ಸೇರಿಸಿ ನೋಡಬೇಕು. ಪಕ್ಕಪಕ್ಕದಲ್ಲಿದ್ದೂ ಅವು ಮಾತನಾಡವು. ಒಂದು ಮೊದಲ ಪಾಲಿನದು, ಇನ್ನೊಂದು ಎರಡನೆಯ ಪಾಲಿನದು. ನಡುವೆ ರೌಟರ್ ಬೇಕೇ ಬೇಕು. ಹತ್ತು ಪುಟದ ವಿವರಣೆಗಿಂತ ಈ ಮೌನವೇ ಹೆಚ್ಚು ಕಲಿಸುತ್ತದೆ.

ಎರಡನೆಯ ಪಾಠವನ್ನು ಹಳ್ಳಿಯ ಕರೆಂಟೇ ಕಲಿಸುತ್ತದೆ. ಸಿಸ್ಕೊ ಯಂತ್ರಕ್ಕೆ ಕೊಟ್ಟ ಆದೇಶಗಳು ಮೊದಲು ತಾತ್ಕಾಲಿಕ ಮೆಮೊರಿಯಲ್ಲಿ ನಿಲ್ಲುತ್ತವೆ. ಅವನ್ನು ಸ್ಥಿರ ಮೆಮೊರಿಗೆ ನಕಲು ಮಾಡದಿದ್ದರೆ, ಕರೆಂಟು ಹೋದೊಡನೆ ಇಡೀ ಸಂಜೆಯ ಶ್ರಮ ಹೋಗುತ್ತದೆ. ಒಮ್ಮೆ ಹೀಗೆ ಕಳೆದುಕೊಂಡ ವಿದ್ಯಾರ್ಥಿ ಮತ್ತೆಂದೂ ಉಳಿಸಲು ಮರೆಯುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಮೂರು ರೌಟರ್‌ಗಳನ್ನು ಸಾಲಾಗಿ ಜೋಡಿಸಿ, ಮೊದಲನೆಯದರಲ್ಲಿಯೂ ನಡುವಿನದರಲ್ಲಿಯೂ ದಾರಿಗಳನ್ನು ಸರಿಯಾಗಿ ಬರೆದು, ಕೊನೆಯದರಲ್ಲಿ ಮಾತ್ರ ಹಿಂದಿರುಗುವ ದಾರಿಯನ್ನು ಬರೆಯದೆ ಬಿಡಬೇಕು. ಈ ತುದಿಯಿಂದ ಸಂದೇಶ ಕಳುಹಿಸಿದರೆ ಉತ್ತರವಿಲ್ಲ. ಹೊಸಬರು ಸಂದೇಶ ತಲುಪಲೇ ಇಲ್ಲವೆಂದು ಭಾವಿಸಿ, ಸರಿಯಾಗಿದ್ದುದನ್ನೂ ಕೆಡಿಸುತ್ತಾರೆ. ಪ್ಯಾಕೆಟ್ ಟ್ರೇಸರಿನಲ್ಲಿ ಸಂದೇಶವು ಪುಟ್ಟ ಲಕೋಟೆಯಾಗಿ ಹೆಜ್ಜೆ ಹೆಜ್ಜೆಗೂ ಕಾಣುತ್ತದೆ. ತಾಳ್ಮೆಯಿಂದ ನೋಡಿದರೆ, ಲಕೋಟೆ ಆ ತುದಿಯನ್ನು ಮುಟ್ಟಿದೆ, ಉತ್ತರವೂ ಹೊರಟಿದೆ, ಬರುವ ದಾರಿ ತಿಳಿಯದೆ ಕೊನೆಯ ರೌಟರಿನಲ್ಲಿಯೇ ಬಿದ್ದುಹೋಗಿದೆ.

ಪರೀಕ್ಷೆಯ ಪ್ರಶ್ನೆಗಳನ್ನೇ ಕದ್ದು ಮಾರುವವರೂ ಲೋಕದಲ್ಲಿ ಉಂಟು. ಅವರ ಕೈಗೆ ಹಣ ಕೊಟ್ಟವರು ಸಿಕ್ಕಿಬಿದ್ದರೆ ಪ್ರಮಾಣಪತ್ರವನ್ನು ಕಳೆದುಕೊಳ್ಳಬೇಕಾದೀತು, ಸಿಕ್ಕಿಬೀಳದಿದ್ದರೂ ಸಂದರ್ಶನದಲ್ಲಿ “ಉತ್ತರ ಏಕೆ ಬರಲಿಲ್ಲ?” ಎಂಬ ಒಂದೇ ಪ್ರಶ್ನೆಗೆ ತಡವರಿಸುತ್ತಾರೆ. ಮನೆಯಲ್ಲಿ ಕೆಡಿಸಿ ಕಟ್ಟಿದವರು ತಡವರಿಸುವುದಿಲ್ಲ. ಅದಕ್ಕೆ ಒಂದು ನೋಟುಪುಸ್ತಕ ಬೇಕು: ದಿನಾಂಕ, ಏನು ಕೆಟ್ಟಿತು, ಎಲ್ಲಿ ಹುಡುಕಿದ್ದು, ಎಲ್ಲಿ ಸಿಕ್ಕಿತು. ಪ್ರಯೋಗಶಾಲೆಯ ಸಾಮಾನುಗಳಲ್ಲಿ ಅತ್ಯಂತ ಅಗ್ಗವಾದುದೂ ಬಹುಕಾಲ ಉಳಿಯುವಂಥದೂ ಅದೇ.

ಕೊಂಡ್ಲಹಳ್ಳಿಯ ಆ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಮಗಳು ತಂದೆಗೆ ಆ ಲಕೋಟೆಯ ಆಟವನ್ನು ತೋರಿಸಲಿ. ಪರೀಕ್ಷೆ ನಡೆಯುವುದು ಇಂಗ್ಲಿಷಿನಲ್ಲಾದರೂ ಈ ಮಾತನ್ನು ಅಪ್ಪಟ ಕನ್ನಡದಲ್ಲಿ ವಿವರಿಸಬಹುದು. ಹಾಗೆ ವಿವರಿಸಲು ಬಂದರೆ ಅವಳಿಗೆ ವಿಷಯ ತಿಳಿದಿದೆಯೆಂದೇ ಅರ್ಥ. ಹೋಗುವ ದಾರಿಯೊಂದೇ ಬರೆದರೆ ಸಾಲದು, ಬರುವ ದಾರಿಯನ್ನೂ ಬರೆದಿಡಬೇಕು ಎಂದು ಅವಳು ಹೇಳಿದಾಗ, ನಾಳೆ ಮಗಳನ್ನು ದೂರದ ಊರಿನ ಕೆಲಸಕ್ಕೆ ಕಳುಹಿಸಬೇಕಾದ ತಂದೆಗೆ ಅದರ ಅರ್ಥ ಬೇಗನೆ ಆದೀತು.