ಕಡಲ ಬದಿಯ ಹಂಚಿನ ಮನೆ: ಕೆಡವುವ ಮೊದಲು ಒಂದು ಲೆಕ್ಕ

ಕರಾವಳಿ ಮೂಲದ ನಮ್ಮಂಥವರ ಕುಟುಂಬದ ವಾಟ್ಸಾಪ್ ಗುಂಪುಗಳಲ್ಲಿ ವರ್ಷಕ್ಕೊಮ್ಮೆಯಾದರೂ ಏಳುವ ಪ್ರಶ್ನೆ ಇದು: ಊರಿನ ಹಳೇ ಮನೆಗೆ ಏನು ಮಾಡುವುದು? ಮೇ ರಜೆಯಲ್ಲಿ ಹೋಗಿ ಬಂದವರು ಸೋರಿದ ಗೋಡೆಯ ಫೋಟೋ ಹಾಕುತ್ತಾರೆ. ಒಬ್ಬರು ಮಾರೋಣ ಎನ್ನುತ್ತಾರೆ, ಇನ್ನೊಬ್ಬರು ಕೆಡವಿ ತಾರಸಿ ಮನೆ ಕಟ್ಟೋಣ ಎನ್ನುತ್ತಾರೆ, ಮೂರನೆಯವರು ಹೋಮ್‌ಸ್ಟೇ ಮಾಡಿದರೆ ಹೇಗೆ ಎಂದು ಕೇಳುತ್ತಾರೆ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ, ಚರ್ಚೆ ಅಲ್ಲಿಗೆ ನಿಲ್ಲುತ್ತದೆ. ಮನೆ ಮಾತ್ರ ಇನ್ನೊಂದು ಮಳೆಗಾಲ ನೆನೆಯುತ್ತದೆ.

ನಮ್ಮದೂ ಇದೇ ಕಥೆ. ಕುಂದಾಪುರ ಮತ್ತು ಬೈಂದೂರಿನ ನಡುವೆ, ಕಡಲಿನ ಸದ್ದು ಕೇಳುವಷ್ಟು ಹತ್ತಿರದಲ್ಲಿ ಅಜ್ಜ ಕಟ್ಟಿಸಿದ ಹಂಚಿನ ಮನೆ. ಅಲ್ಲೀಗ ದೊಡ್ಡಮ್ಮ ಒಬ್ಬರೇ. ವಯಸ್ಸು ಎಪ್ಪತ್ತನಾಲ್ಕು. ಥಾಣೆಯ ನಮ್ಮ ಫ್ಲ್ಯಾಟಿಗೆ ಬಂದರೆ ಹದಿನೈದನೇ ದಿನಕ್ಕೆ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡಿಸು ಎನ್ನುವವರು. ಮನೆ ಹೋದರೆ ಅವರು ಎಲ್ಲಿಗೆ ಹೋಗಬೇಕು ಎಂಬುದೇ ನಮ್ಮ ಮುಂದಿದ್ದ ನಿಜವಾದ ಪ್ರಶ್ನೆ. ಉಳಿದದ್ದೆಲ್ಲ ಅದರ ನಂತರದ್ದು. ಕೆಡವಿ ಹೊಸದಾಗಿ ಕಟ್ಟಲು ಕಂಟ್ರಾಕ್ಟರ್ ಹೇಳಿದ ಮೊತ್ತ 28 ಲಕ್ಷ. ನಾವು ಐದು ಜನ ಅಣ್ಣತಮ್ಮ, ಅಕ್ಕತಂಗಿಯರು ಸೇರಿ ಹೊಂದಿಸಬಹುದಾಗಿದ್ದು ಆರೂವರೆ ಲಕ್ಷ. ಆರೂವರೆ ಲಕ್ಷದಲ್ಲಿ ಏನೇನು ಆಗುತ್ತದೆ ಎಂದು ಕೇಳಿ, ನೋಡಿ, ಮಾಡಿಸಿ ತಿಳಿದುಕೊಂಡದ್ದನ್ನು ಈ ಸಲ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ಕಾಗದ, ಆಮೇಲೆ ಕರಣೆ

ಪಾಲಾಗದ ಆಸ್ತಿಗೆ ಒಬ್ಬರೇ ದುಡ್ಡು ಹಾಕಿದರೆ ಮುಂದೆ ಮನಸ್ಸು ಕೆಡುತ್ತದೆ. ಯಾರು ಎಷ್ಟು ಕೊಟ್ಟರು, ಮುಂದೆ ಪಾಲು ಮಾಡುವಾಗ ಅದನ್ನು ಹೇಗೆ ಲೆಕ್ಕಕ್ಕೆ ಹಿಡಿಯುವುದು, ಈಗ ವಾಸವಿರುವವರ ಹಕ್ಕೇನು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಪಹಣಿ, ಪಂಚಾಯಿತಿಯ ಇ-ಸ್ವತ್ತು ದಾಖಲೆ ಯಾರ ಹೆಸರಲ್ಲಿದೆ ಎಂದು ನೋಡಿ. ಅನೇಕ ಮನೆಗಳಲ್ಲಿ ಇನ್ನೂ ಅಜ್ಜನ ಹೆಸರೇ ಇರುತ್ತದೆ.

ಕಡಲ ಬದಿಯ ಮನೆಗೆ ಇನ್ನೊಂದು ಕಾನೂನು ಇದೆ, ಸಿಆರ್‌ಝಡ್. 2011ರಲ್ಲಿ ಮತ್ತು 2019ರಲ್ಲಿ ಬಂದ ಈ ಅಧಿಸೂಚನೆಗಳ ಪ್ರಕಾರ ಜನಸಾಂದ್ರತೆ ಕಡಿಮೆ ಇರುವ ಗ್ರಾಮೀಣ ಕರಾವಳಿಯಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ಆದರೆ ಅಧಿಕೃತವಾಗಿ ಇರುವ ಮನೆಯನ್ನು ಅದೇ ತಳಪಾಯದ ಅಳತೆಯೊಳಗೆ ರಿಪೇರಿ ಮಾಡಬಹುದು. ಹಾಗಾಗಿ ಸ್ವಲ್ಪ ಮುಂದೆ ಚಾಚಿ ಸಮುದ್ರ ಕಾಣುವ ಹಾಗೆ ಎರಡು ರೂಮು ಎಂಬ ಆಸೆಯನ್ನು ಪಂಚಾಯಿತಿ ಕಚೇರಿಗೆ ಹೋಗಿ ವಿಚಾರಿಸುವ ತನಕ ಬದಿಗಿಡಿ. ರಿಪೇರಿಯೇ ಆದರೂ ಏನು ಮಾಡಿಸುತ್ತೀರಿ ಎಂದು ಅಲ್ಲಿ ಹೇಳಿ, ಬೇಕಾದ ಅನುಮತಿ ಪಡೆದೇ ಶುರುಮಾಡಿ.

ಮಳೆಗಾಲದಲ್ಲಿ ಮನೆ ನೋಡಿ

ಮನೆಯ ಕಾಯಿಲೆ ಗೊತ್ತಾಗುವುದು ಜುಲೈ ತಿಂಗಳಲ್ಲಿ. ಎರಡು ದಿನ ರಜೆ ಹಾಕಿ, ಒಂದು ಸೀಮೆಸುಣ್ಣ ಹಿಡಿದು ಹೋಗಿ. ನೀರು ಎಲ್ಲಿ ತೊಟ್ಟಿಕ್ಕುತ್ತದೋ ಅದರ ಕೆಳಗೆ ನೆಲದ ಮೇಲೆ ಗುರುತು ಮಾಡಿ, ಫೋಟೋ ತೆಗೆದಿಡಿ. ಯಾವ ಗೋಡೆ ಬುಡದಿಂದ ಒದ್ದೆಯಾಗಿದೆ, ಯಾವುದು ಮೇಲಿಂದ ಒದ್ದೆಯಾಗಿದೆ ಎಂದು ಬೇರೆ ಬೇರೆ ಬರೆದುಕೊಳ್ಳಿ. ಎರಡಕ್ಕೂ ಮದ್ದು ಬೇರೆ. ಕೆಲಸ ಮಾಡಿಸುವುದು ನವೆಂಬರ್‌ನಿಂದ ಏಪ್ರಿಲ್ ಒಳಗೆ. ಮೇ ತಿಂಗಳಲ್ಲಿ ಮಾಡು ಬಿಚ್ಚಿದವರಿಗೆ ಮುಂಗಾರು ಪೂರ್ವದ ಒಂದೇ ಮಳೆ ಸಾಕು.

ಆಚಾರಿಯವರು ಮಾಡು ಹತ್ತಿ ಇಳಿದು ಹೇಳಿದ ಮಾತು ಇದು: "ಕಾಣಿ, ಹಂಚಿಗ್ ಎಂತ ಆಯ್ಲಿಲ್ಲ. ಕೆಟ್ಟದ್ ಪಕ್ಕಾಸಿನ ತುದಿ ಮಾತ್ರ." ನಮ್ಮ ಇಡೀ ಬಜೆಟ್ ನಿಂತದ್ದು ಆ ಒಂದು ಮಾತಿನ ಮೇಲೆ.

ಮಂಗಳೂರು ಹಂಚಿನ ಇತಿಹಾಸ ಬಹಳ ಜನರಿಗೆ ಗೊತ್ತಿದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮೊದಲನೇ ಮಹಾಯುದ್ಧದ ನಂತರ ಅದು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋಯಿತು. ಹಂಚು ತಿರುಗಿಸಿ ನೋಡಿದರೆ ಕಾರ್ಖಾನೆಯ ಹೆಸರು ಒತ್ತಿರುತ್ತದೆ, ಮಕ್ಕಳಿಗೆ ಓದಿಸಲು ಒಳ್ಳೆಯ ಪಾಠ. ಚದರ ಮೀಟರಿಗೆ ಸುಮಾರು 15 ಹಂಚು ಬೇಕು. ನಮ್ಮ ಮಾಡಿಗೆ ಬೇಕಾದದ್ದು ಎರಡು ಸಾವಿರದಷ್ಟು. ಇಳಿಸಿ, ಪಾಚಿ ಉಜ್ಜಿ ತೊಳೆದು, ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆವು. ಕಣ್ ಎಂದು ಸದ್ದು ಬಂದದ್ದು ಗಟ್ಟಿ, ಮಂಕಾದ ಸದ್ದು ಬಂದದ್ದು ಬಿರುಕು ಬಿಟ್ಟದ್ದು. ಐದರಲ್ಲಿ ನಾಲ್ಕು ಮತ್ತೆ ಮಾಡಿಗೇರಿದವು. ಕೊರತೆಯಾದ ನಾನ್ನೂರು ಹಂಚು ಹತ್ತಿರದಲ್ಲೇ ಕೆಡವಿದ್ದ ಇನ್ನೊಂದು ಹಳೇ ಮನೆಯಿಂದ ಬಂದವು. ಹೊಸ ಹಂಚು ಹಳೆಯದರ ಜೊತೆ ಸರಿಯಾಗಿ ಕೂರದಿರಬಹುದು, ಅಳತೆಯಲ್ಲಿ ಸ್ವಲ್ಪ ವ್ಯತ್ಯಾಸವಿರುತ್ತದೆ. ಹಾಗಾಗಿ ಹೊಸದನ್ನು ತಂದರೆ ಒಂದು ಇಡೀ ಇಳಿಜಾರಿಗೆ ಹೊಸದನ್ನೇ ಹಾಕಿ, ಬೆರಕೆ ಮಾಡಬೇಡಿ. ನಾಲ್ಕೈದು ಕಡೆ ಗಾಜಿನ ಹಂಚು ಕೂರಿಸಿದರೆ ಹಗಲಲ್ಲಿ ದೀಪವೇ ಬೇಡ.

ಇದರ ಎದುರಿಗೆ ಊರಲ್ಲಿ ಏನಾಗುತ್ತಿದೆ ನೋಡಿ. ಹಂಚು ತೆಗೆದು ತಾರಸಿ ಹಾಕಿದವರು ಕೆಲವೇ ವರ್ಷಗಳಲ್ಲಿ ಆ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಇಳಿಜಾರು ಮಾಡು ಕಟ್ಟಿಸುತ್ತಾರೆ. ಆ ಮಳೆಗೆ ಚಪ್ಪಟೆ ಛಾವಣಿ ತಡೆಯುವುದಿಲ್ಲ. ಮೊದಲೇ ಇದ್ದ ಇಳಿಜಾರನ್ನು ಕಿತ್ತು, ಎರಡು ಸಲ ದುಡ್ಡು ಕೊಟ್ಟು ಇಳಿಜಾರಿಗೇ ಬಂದ ಹಾಗಾಯಿತು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಇದನ್ನು ಕಂಡಿದ್ದೇವೆ: ಹಳೇ ಕೋಡ್ ಓದುವ ತಾಳ್ಮೆಯಿಲ್ಲದೆ ಹೊಸದಾಗಿ ಬರೆಯುವುದು, ಬರೆದ ಮೇಲೆ ಹಳೆಯದರಲ್ಲಿದ್ದ ಒಂದೊಂದೇ ಸಂಗತಿಯನ್ನು ಮತ್ತೆ ಸೇರಿಸುವುದು.

ಉಪ್ಪಿನ ಜೊತೆ ಬದುಕುವುದು

ಕಡಲ ಬದಿಯ ಮನೆಯ ನಿಜವಾದ ಶತ್ರು ಮಳೆಯಲ್ಲ, ಉಪ್ಪು. ಗಾಳಿಯಲ್ಲೂ ಇದೆ, ನೆಲದ ತೇವದಲ್ಲೂ ಇದೆ. ಮುರಕಲ್ಲಿನ ಗೋಡೆ ಸಣ್ಣ ಸಣ್ಣ ತೂತುಗಳ ಕಲ್ಲು, ನೀರನ್ನು ಎಳೆದುಕೊಳ್ಳುತ್ತದೆ, ಬಿಸಿಲಿಗೆ ಬಿಡುತ್ತದೆ. ಅದರ ಮೇಲೆ ಸುಣ್ಣದ ಗಾರೆ ಇದ್ದರೆ ತೇವ ಹೊರಗೆ ಹೋಗಲು ದಾರಿ ಇರುತ್ತದೆ. ಸಿಮೆಂಟ್ ಗಾರೆ ಬಳಿದು, ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಆ ದಾರಿ ಮುಚ್ಚುತ್ತದೆ. ನೀರು ಒಳಗೇ ಮೇಲಕ್ಕೇರುತ್ತದೆ, ಉಪ್ಪು ಪದರದ ಹಿಂದೆ ಹರಳುಗಟ್ಟಿ ಗಾರೆಯನ್ನು ಒಳಗಿಂದ ತಳ್ಳುತ್ತದೆ. ಗೋಡೆಯಲ್ಲಿ ಬೊಕ್ಕೆ ಎದ್ದಂತೆ ಪೇಂಟ್ ಉಬ್ಬುವುದು ಅದಕ್ಕೇ. ಪ್ರತಿ ವರ್ಷ ಪೇಂಟ್ ಹೊಡೆಸಿದರೂ ಅದು ನಿಲ್ಲುವುದಿಲ್ಲ.

ಎಪ್ಪತ್ತರ ದಶಕದಲ್ಲೋ ಎಂಬತ್ತರ ದಶಕದಲ್ಲೋ ಬಳಿದ ಸಿಮೆಂಟ್ ಗಾರೆಯನ್ನು ಕಿಟಕಿಯ ಮಟ್ಟದವರೆಗೆ ಕೆತ್ತಿಸಿ, ಎರಡು ತಿಂಗಳು ಒಣಗಲು ಬಿಟ್ಟು, ಸುಣ್ಣದ ಗಾರೆ ಹಾಕಿಸಿ, ಮೂರು ಕೋಟು ಸುಣ್ಣ ಬಳಿಸಿದೆವು. ಸುಣ್ಣದ ಕೆಲಸ ಬಲ್ಲವರು ಈಗ ಕಡಿಮೆ. ದೇವಸ್ಥಾನದ ಕೆಲಸಕ್ಕೆ ಹೋಗುವ ಹಿರಿಯ ಗಾರೆಯವರನ್ನು ವಿಚಾರಿಸಿದರೆ ಸಿಗುತ್ತಾರೆ. ಪಡುವಣ ದಿಕ್ಕಿನ ಗೋಡೆಗೆ ಮಳೆಗಾಲದಲ್ಲಿ ಮಡಲಿನ ತಟ್ಟಿ ಕಟ್ಟುವ ಹಳೇ ಪದ್ಧತಿಯನ್ನು ದೊಡ್ಡಮ್ಮ ಬಿಟ್ಟಿರಲಿಲ್ಲ. ಆ ಗೋಡೆಯೇ ಎಲ್ಲಕ್ಕಿಂತ ಚೆನ್ನಾಗಿತ್ತು.

ಇನ್ನು ಕೆಲವು ಸಣ್ಣ ಸಂಗತಿಗಳು. ಕಡಲ ಮರಳನ್ನು ಯಾವ ಕೆಲಸಕ್ಕೂ ಬಳಸಬೇಡಿ, ಕಾನೂನಿಗೂ ತಪ್ಪು, ಅದರ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಬಾಗಿಲ ತಿರುಗಣೆ, ಚಿಲಕ, ಸ್ಕ್ರೂ ಇವಕ್ಕೆ ಹಿತ್ತಾಳೆ ಅಥವಾ 316 ದರ್ಜೆಯ ಸ್ಟೀಲ್ ತನ್ನಿ. ಕಿಟಕಿಗೆ ಹಳೇ ಮರದ ಸರಳುಗಳಿದ್ದರೆ ಕಿತ್ತು ಕಬ್ಬಿಣದ ಗ್ರಿಲ್ ಹಾಕಿಸಬೇಡಿ. ವೈರಿಂಗ್ ಪೂರ್ತಿ ಹೊಸದು ಮಾಡಿಸಿ, ಅರ್ತಿಂಗ್ ಮತ್ತು ಆರ್‌ಸಿಸಿಬಿ ಖಂಡಿತ ಇರಲಿ. ತೇವದ ಗೋಡೆಯಲ್ಲಿ ಹಳೇ ವೈರು ಎಂದರೆ ಜೀವಕ್ಕೆ ಅಪಾಯ. ಬಾವಿಗೆ ದೊಡ್ಡ ಪಂಪು ಹಾಕಿ ನೀರು ಎಳೆದರೆ ಕೆಳಗಿನ ಉಪ್ಪುನೀರು ಮೇಲೆ ಬರುತ್ತದೆ. ಸಣ್ಣ ಪಂಪು ಇಟ್ಟು ಸ್ವಲ್ಪ ಸ್ವಲ್ಪವೇ ಎಳೆಯಿರಿ.

ಅಲಂಕಾರಕ್ಕೆ ಉಳಿದ ಮೂವತ್ತು ಸಾವಿರ

ನಮ್ಮ ಲೆಕ್ಕ ಹೀಗಾಯಿತು: ಮಾಡಿಗೆ 2.6 ಲಕ್ಷ, ಗೋಡೆಗೆ 1.1 ಲಕ್ಷ, ಬಚ್ಚಲುಮನೆ ಮತ್ತು ವೈರಿಂಗಿಗೆ 1.9 ಲಕ್ಷ, ನೆಲ ಮತ್ತು ಬಾಗಿಲಿಗೆ 60 ಸಾವಿರ, ಅಲಂಕಾರಕ್ಕೆ 30 ಸಾವಿರ. ಬಚ್ಚಲಿನ ವಿಷಯದಲ್ಲಿ ಮಾತು ಬಿಸಿಯಾಗಿತ್ತು. ಪುಣೆಯಲ್ಲಿರುವ ಅಣ್ಣನಿಗೆ ಜಗಲಿಯ ಮುಂದೆ ಮರದ ಡೆಕ್ ಬೇಕಿತ್ತು, ಕಡಲು ನೋಡುತ್ತ ಕೂರಲು. ದೊಡ್ಡಮ್ಮನಿಗೆ ರಾತ್ರಿ ಅಂಗಳ ದಾಟಿ ಹೋಗಬೇಕಾದ ಬಚ್ಚಲಿನ ಬದಲು ಮಲಗುವ ಕೋಣೆಗೆ ತಾಗಿದ್ದು ಬೇಕಿತ್ತು. ತಳಪಾಯ ಹೆಚ್ಚಿಸುವ ಹಾಗಿಲ್ಲ. ಆದ್ದರಿಂದ ಭತ್ತ ಇಡುತ್ತಿದ್ದ ಕತ್ತಲೆ ಕೋಣೆಯೇ ಬಚ್ಚಲಾಯಿತು: ಜಾರದ ನೆಲ, ಹಿಡಿದುಕೊಳ್ಳಲು ಗೋಡೆಗೆ ಸ್ಟೀಲಿನ ಹಿಡಿ, ಮೇಲೆ ಗಾಜಿನ ಹಂಚು. ಡೆಕ್ ಹೋಯಿತು. ಎರಡು ದಿನ ಗುಂಪಿನಲ್ಲಿ ಮೌನವಾಗಿದ್ದ ಅಣ್ಣ ಮೂರನೇ ದಿನ ತನ್ನ ಪಾಲಿನ ದುಡ್ಡು ಹಾಕಿ, "ಹಿಡಿ ಎರಡು ಕಡೆ ಹಾಕ್ಸು" ಎಂದ.

ಅಲಂಕಾರದ ವಿಷಯದಲ್ಲಿ ಇಂಟರ್ನೆಟ್ಟಿನ ಬೀಚ್ ಮನೆಗಳನ್ನು ನೋಡಿ ನೀಲಿ ಬಿಳಿ ಬಣ್ಣ, ಲಂಗರಿನ ಬೊಂಬೆ, ಶಂಖದ ಮಾಲೆ ತರುವ ಅಗತ್ಯವಿಲ್ಲ. ನಮ್ಮ ಕಡಲ ಮನೆಗೆ ಅದರದೇ ಬಣ್ಣಗಳಿವೆ: ಸುಣ್ಣದ ಬಿಳಿ, ಕಾವಿಯ ಕೆಂಪು, ಎಣ್ಣೆ ಕುಡಿದ ಹಲಸಿನ ಮರದ ಕಂದು. ಕೆಂಪು ನೆಲ ಅಲ್ಲಲ್ಲಿ ಬಿರುಕು ಬಿಟ್ಟಿದ್ದರೂ ಕಿತ್ತು ಟೈಲ್ಸ್ ಹಾಕಬೇಡಿ, ತುಂಬಿಸಿ ಉಜ್ಜಿಸಿದರೆ ಸಾಕು. ಅಟ್ಟ ಹತ್ತಿ ನೋಡಿ. ನಮಗೆ ಅಲ್ಲಿ ಹಳೇ ಮಣೆಗಳು, ಹಿತ್ತಾಳೆಯ ತೂಗುದೀಪ, ಒಂದು ಕಾಲು ಮುರಿದ ಬೆಂಚು ಸಿಕ್ಕವು. ಬೆಂಚಿಗೆ ಕಾಲು ಬಂತು, ಜಗಲಿಗೆ ಬೆಂಚು ಬಂತು. ಕಿಟಕಿಗೆ ಕೈಮಗ್ಗದ ತೆಳು ಹತ್ತಿಬಟ್ಟೆ, ಬಲ್ಬುಗಳು ಹಳದಿ ಬೆಳಕಿನವು, ಅಷ್ಟೇ. ಅಂಗಳಕ್ಕೆ ಇಂಟರ್‌ಲಾಕ್ ಹಾಸಲಿಲ್ಲ. ಗಾಳಿಮರ, ಹೊನ್ನೆ, ಕೇದಗೆ ಹಿಂಡಲನ್ನು ನೋಟಕ್ಕೆ ಅಡ್ಡವೆಂದು ಕಡಿಯಲಿಲ್ಲ. ಗಾಳಿಯನ್ನು, ಮರಳನ್ನು ತಡೆದು ನಿಲ್ಲಿಸುವುದು ಅವೇ.

ಕಡಲು ಹತ್ತಿರ ಬಂದರೆ?

ಈ ಪ್ರಶ್ನೆಯನ್ನು ಮುಚ್ಚಿಡುವುದು ಸರಿಯಲ್ಲ. ಕಡಲ್ಕೊರೆತ ನಮ್ಮ ಕರಾವಳಿಯ ಹಲವು ಊರುಗಳಲ್ಲಿ ತೆಂಗಿನ ಸಾಲುಗಳನ್ನೂ ರಸ್ತೆಯನ್ನೂ ಕಿತ್ತುಕೊಂಡಿದೆ. ನೀವು ಸಣ್ಣವರಿದ್ದಾಗ ಆಟವಾಡಿದ ಮರಗಳ ಸಾಲು ಈಗ ಇಲ್ಲ ಎಂದಾದರೆ, ಮನೆಗೆ ದುಡ್ಡು ಹಾಕುವ ಮುಂಚೆ ಅಕ್ಕಪಕ್ಕದ ಮೀನುಗಾರರನ್ನು ಕೇಳಿ. ದಡ ಎಷ್ಟು ಸರಿದಿದೆ ಎಂಬುದನ್ನು ಅವರು ಮರ ಎಣಿಸಿ ಹೇಳುತ್ತಾರೆ. ಕೆಲವು ಮನೆಗಳಿಗೆ ಖರ್ಚು ಮಾಡದಿರುವುದೇ ಸರಿ.

ಆದರೆ ಇಲ್ಲೂ ಹಂಚಿನ ಮನೆಗೆ ಒಂದು ಅನುಕೂಲ ಇದೆ. ಅದನ್ನು ಬಿಚ್ಚಬಹುದು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಿದವರಿಗೆ ಇದು ಗೊತ್ತು. ಕೆಡವಲಿದ್ದ ಹಳೇ ಮನೆಗಳ ಕಂಬ, ತೊಲೆ, ಬಾಗಿಲು, ಹಂಚುಗಳಿಗೆ ಗುರುತು ಹಾಕಿ ಬಿಚ್ಚಿ ತಂದು, ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ನಾವು ಮಾಡಿಗೆ ಹಾಕಿದ ದುಡ್ಡಿನಲ್ಲಿ ಬಹುಪಾಲು ಮರ ಮತ್ತು ಹಂಚಿನ ರೂಪದಲ್ಲಿದೆ, ಬೇಕಾದರೆ ಲಾರಿಯಲ್ಲಿ ಇನ್ನೊಂದು ಜಾಗಕ್ಕೆ ಹೋಗುತ್ತದೆ. ಕಾಂಕ್ರೀಟಿಗೆ ಹಾಕಿದ 28 ಲಕ್ಷ ಹೋಗುವುದಿಲ್ಲ.

ಕೊನೆಯದಾಗಿ, ಮನೆ ಹಾಳಾಗುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಬೀಗ. ಗಾಳಿಯಾಡದ ಮನೆಗೆ ಒಂದೇ ಮಳೆಗಾಲದಲ್ಲಿ ಬೂಷ್ಟು, ಎರಡನೆಯದರಲ್ಲಿ ಒರಲೆ. ನಿಮ್ಮ ಊರಿನ ಮನೆಯಲ್ಲಿ ಯಾರೂ ಇಲ್ಲದಿದ್ದರೆ, ಪೇಂಟ್ ಬಣ್ಣ ಆರಿಸುವ ಮೊದಲು ವಾರಕ್ಕೆರಡು ಸಲ ಕಿಟಕಿ ತೆರೆದು ಒಲೆ ಹಚ್ಚುವವರನ್ನು ಗೊತ್ತು ಮಾಡಿ, ಅವರಿಗೆ ತಿಂಗಳಿಗಿಷ್ಟು ಎಂದು ತಪ್ಪದೆ ಕೊಡಿ. ಬಜೆಟ್ಟಿನ ಮೊದಲ ಸಾಲಿನಲ್ಲಿ ಬರೆಯಬೇಕಾದ ಖರ್ಚು ಅದು. ನಮ್ಮ ಮನೆಯ ಆ ಸಾಲಿಗೆ ಸದ್ಯ ದೊಡ್ಡಮ್ಮ ಇದ್ದಾರೆ, ಸಂಬಳ ಇಲ್ಲದೆ. ಅವರ ನಂತರ ಯಾರು ಎಂಬುದನ್ನು ಗುಂಪಿನಲ್ಲಿ ಇನ್ನೂ ಯಾರೂ ಟೈಪ್ ಮಾಡಿಲ್ಲ.