ಒಂದು ‘ಇಂದ’, ಹಲವು ಇಂಗ್ಲಿಷ್
ಶಿವಮೊಗ್ಗ, ಭದ್ರಾವತಿಯ ಮಕ್ಕಳ ರಜಾ ಅರ್ಜಿಗಳಲ್ಲಿ ‘ಬಿಕಾಸ್ ಆಫ್ ಐ ಹ್ಯಾವ್ ಫೀವರ್’ ಎಂಬ ಸಾಲು ಆಗಾಗ ಇಣುಕುತ್ತದೆ. ‘ಬಿಕಾಸ್ ಆಫ್’ ಮುಂದೆ ನಾಮಪದ ಸಾಕು: ‘ಬಿಕಾಸ್ ಆಫ್ ಫೀವರ್’. ಪೂರ್ತಿ ವಾಕ್ಯವೇ ಬೇಕಾದರೆ ‘ಆಫ್’ ಬಿಡಬೇಕು. ನಿಜವಾದ ತೊಡಕು ಬೇರೆ. ಜ್ವರದಿಂದ ನರಳುವುದು, ಚಳಿಯಿಂದ ನಡುಗುವುದು, ಹಸಿವಿನಿಂದ ಸಾಯುವುದು, ಕನ್ನಡಕ್ಕೆ ಎಲ್ಲೆಡೆ ಒಂದೇ ‘ಇಂದ’. ಇಂಗ್ಲಿಷಿಗೆ ‘ಸಫರ್ ಫ್ರಮ್’, ‘ಶಿವರ್ ವಿತ್’, ‘ಡೈ ಆಫ್’. ಇದಕ್ಕೆ ಸೂತ್ರ ಹುಡುಕಿ ಫಲವಿಲ್ಲ. ಈ ಪುಟ್ಟ ಪದಗಳು ಕ್ರಿಯಾಪದದ ಜೊತೆಗೇ ಬಾಯಿಗೆ ಬರಬೇಕು. ಒಳ್ಳೆಯ ಕಾರಣಕ್ಕೂ ಕನ್ನಡದಲ್ಲಿ ಅದೇ ‘ಇಂದ’: 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯಿಂದ ಬೆಳೆದ ಊರು ಭದ್ರಾವತಿ. ಅದನ್ನು ಹೇಳಲು ‘ಥ್ಯಾಂಕ್ಸ್ ಟು’ ಚೆಂದ, ಕಾರಣದ ಜೊತೆ ಕೃತಜ್ಞತೆಯೂ ಸೇರುತ್ತದೆ. ಮೇಷ್ಟ್ರುಗಳೇ, ವ್ಯಾಕರಣದ ಪಟ್ಟಿ ಉರು ಹೊಡೆಸುವ ಮೊದಲು ಊರಿನ ಇಂಥ ವಾಕ್ಯಗಳನ್ನು ಮಕ್ಕಳಿಂದ ಬರೆಸಿ.